ಫ್ರಾಂಚೈಸಿ ಅಗ್ರಿಮೆಂಟ್‌ನಲ್ಲಿ "ಸಮಗ್ರ ವಿಮೆ ಕಡ್ಡಾಯ" ಅಂತ ಒಂದೇ ಸಾಲು ಇದೆ. ನಿಜವಾಗಿ ಏನೇನು ಮಾಡಿಸಬೇಕು?

ದಾವಣಗೆರೆ_ಹೊಸಅಂಗಡಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ವಿದ್ಯಾನಗರದಲ್ಲಿ ಬರ್ಗರ್, ಫ್ರೈಡ್ ಚಿಕನ್ ಮಾರುವ ಒಂದು ಬ್ರ್ಯಾಂಡಿನ ಫ್ರಾಂಚೈಸಿ ತೆಗೆದುಕೊಳ್ಳುವ ಮಾತು ನಡೆದಿದೆ. ಜಾಗ ಬಾಡಿಗೆಯದು, ನೆಲಮಹಡಿ. ಫ್ರಾಂಚೈಸಿ ಫೀ 5 ಲಕ್ಷ. ಇಂಟೀರಿಯರ್, ಫ್ರೈಯರ್, ಫ್ರೀಜರ್, ಬೋರ್ಡು ಎಲ್ಲ ಸೇರಿ ಇನ್ನೂ 23 ಲಕ್ಷ. ಅರ್ಧಕ್ಕಿಂತ ಜಾಸ್ತಿ ಬ್ಯಾಂಕ್ ಸಾಲ, ಉಳಿದದ್ದು ಅಪ್ಪ ನಿವೃತ್ತಿಯಾದಾಗ ಬಂದ ದುಡ್ಡು. ಕೆಲಸಕ್ಕೆ 11 ಜನ ಬೇಕಾಗುತ್ತಾರೆ. ಅಡುಗೆಮನೆಗೆ 5, ಕೌಂಟರ್‌ಗೆ 3, ಡೆಲಿವರಿಗೆ 3.

ಅಗ್ರಿಮೆಂಟ್ ಕರಡು ಬಂದಿದೆ. ರಾಯಲ್ಟಿ (ಬ್ರ್ಯಾಂಡಿಗೆ ನಾವು ಕಟ್ಟುತ್ತಾ ಹೋಗುವ ಪಾಲು) ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ವಿಮೆ ಬಗ್ಗೆ ಇರುವುದು ಇಷ್ಟೇ: "ಫ್ರಾಂಚೈಸಿಯು ತನ್ನ ಸ್ವಂತ ಖರ್ಚಿನಲ್ಲಿ ಕಂಪನಿ ಒಪ್ಪುವಂಥ ಸಮಗ್ರ ವಿಮೆಯನ್ನು ಕರಾರಿನ ಅವಧಿಯುದ್ದಕ್ಕೂ ಇಟ್ಟುಕೊಳ್ಳಬೇಕು, ಪಾಲಿಸಿಯಲ್ಲಿ ಕಂಪನಿಯ ಹೆಸರನ್ನೂ ಸೇರಿಸಬೇಕು." ಅದರ ಕೆಳಗೆ ಇಂಡೆಮ್ನಿಟಿ (ನಷ್ಟ ತುಂಬಿಕೊಡುವ ಹೊಣೆ) ಅಂತ ಇನ್ನೊಂದು ದೊಡ್ಡ ಪ್ಯಾರಾ.

ಬ್ರ್ಯಾಂಡಿನ ಸೇಲ್ಸ್‌ನವರನ್ನು ಕೇಳಿದರೆ "ಸುಮ್ನೆ ಒಂದು ಶಾಪ್ ಇನ್ಶೂರೆನ್ಸ್ ಮಾಡಿಸಿ ಸರ್, ಸಾಕು" ಅನ್ನುತ್ತಾರೆ. ಬ್ಯಾಂಕಿನವರು ನಾವೇ ಮಾಡಿಸುತ್ತೇವೆ ಅನ್ನುತ್ತಾರೆ. ಕಾನೂನಿನ ಪ್ರಕಾರ ಯಾವುದು ಕಡ್ಡಾಯ, ಕರಾರಿಗಾಗಿ ಯಾವುದು ಬೇಕು, ನನ್ನ ಸ್ವಂತ ಕ್ಷೇಮಕ್ಕೆ ಯಾವುದು ಬೇಕು? ತಿಳಿದವರು ದಯವಿಟ್ಟು ಹೇಳಿ.


ಹುಬ್ಬಳ್ಳಿ_ಸರ್ವೇಯರ್

ಸಹಿ ಹಾಕುವ ಮುಂಚೆ ಕೇಳಿದ್ದೀರಿ, ಅದೇ ಒಳ್ಳೆಯದಾಯಿತು. ನಾನು ನಷ್ಟ ಅಂದಾಜು ಮಾಡುವ ಸರ್ವೇಯರ್. ಬೆಂಕಿ ಬಿದ್ದ ಮೇಲೆ, ನೀರು ನುಗ್ಗಿದ ಮೇಲೆ ಅಂಗಡಿಗೆ ಹೋಗುವವನು. ನಾನು ಪಾಲಿಸಿ ಮಾರುವುದಿಲ್ಲ.

ಮೊದಲು ಒಂದು ವಿಷಯ ಮನಸ್ಸಲ್ಲಿ ಇಟ್ಟುಕೊಳ್ಳಿ. ಅಗ್ರಿಮೆಂಟ್‌ನಲ್ಲಿರುವ ವಿಮೆಯ ಸಾಲನ್ನು ಬರೆದದ್ದು ಬ್ರ್ಯಾಂಡಿನ ವಕೀಲರು, ಬ್ರ್ಯಾಂಡಿನ ರಕ್ಷಣೆಗಾಗಿ. ಬ್ಯಾಂಕ್ ಮಾಡಿಸುವ ವಿಮೆ ಬ್ಯಾಂಕಿನ ಸಾಲದ ರಕ್ಷಣೆಗೆ. ನಿಮ್ಮ ಅಪ್ಪನ ದುಡ್ಡು ಈ ಎರಡರಲ್ಲೂ ತಾನಾಗಿ ಸೇರಿಕೊಳ್ಳುವುದಿಲ್ಲ. ಅದನ್ನು ನೀವೇ ಸೇರಿಸಬೇಕು.

ಆಸ್ತಿಯಿಂದ ಶುರು ಮಾಡೋಣ. 2021ರ ಏಪ್ರಿಲ್ 1ರಿಂದ ಸಣ್ಣ ಉದ್ಯಮಗಳಿಗೆ "ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ" ಅನ್ನುವ ಪಾಲಿಸಿ ಇದೆ. ಒಂದು ಜಾಗದಲ್ಲಿರುವ ಆಸ್ತಿಯ ಮೌಲ್ಯ 5 ಕೋಟಿ ದಾಟದಿದ್ದರೆ ಇದೇ ನಿಮಗೆ ಹೊಂದುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರವೇ ಇದರ ಮಾತುಗಳನ್ನು ಗೊತ್ತು ಮಾಡಿದೆ. ಹಾಗಾಗಿ ಯಾವ ಕಂಪನಿಯಿಂದ ತೆಗೆದುಕೊಂಡರೂ ಮೂಲ ರಕ್ಷಣೆ ಒಂದೇ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಗಲಭೆ, ನೀರಿನ ಟ್ಯಾಂಕ್ ಒಡೆಯುವುದು, ಇವೆಲ್ಲ ಇದರೊಳಗೆ ಬರುತ್ತವೆ.

ಕಳ್ಳತನ ಬರುವುದಿಲ್ಲ. ಬೆಂಕಿಯೋ ನೆರೆಯೋ ಆದ 7 ದಿನದೊಳಗೆ, ಅದೇ ಗಲಾಟೆಯಲ್ಲಿ ಕಳುವಾದರೆ ಮಾತ್ರ ಕೊಡುತ್ತಾರೆ. ಮಾಮೂಲಿ ರಾತ್ರಿ ಶಟರ್ ಮುರಿದರೆ ಅದಕ್ಕೆ ಬೇರೆ ಬರ್ಗ್ಲರಿ ಪಾಲಿಸಿ ಬೇಕು. ಅದಕ್ಕೂ ಬೀಗ ಮುರಿದ ಗುರುತು ಇರಬೇಕು. ಕೆಲಸದವರೇ ಗಲ್ಲಾಪೆಟ್ಟಿಗೆ ಖಾಲಿ ಮಾಡಿದರೆ ಅದು ಫಿಡೆಲಿಟಿ ಗ್ಯಾರಂಟಿ ಅನ್ನುವ ಮೂರನೇ ಬಗೆ. ಇವೆಲ್ಲ ಬಿಡಿಬಿಡಿಯಾಗಿ ಬೇಡ ಅಂದರೆ ಅಂಗಡಿಯವರಿಗೆ ಪ್ಯಾಕೇಜ್ ಪಾಲಿಸಿ ಸಿಗುತ್ತದೆ. ಆದರೆ ಪ್ಯಾಕೇಜ್‌ನಲ್ಲಿ ಯಾವ ಸೆಕ್ಷನ್‌ಗೆ ದುಡ್ಡು ಕಟ್ಟಿದ್ದೀರಿ ಅಂತ ಷೆಡ್ಯೂಲ್‌ನಲ್ಲಿ, ಅಂದರೆ ಪಾಲಿಸಿಯ ವಿವರಪಟ್ಟಿಯಲ್ಲಿ, ನೋಡಿಕೊಳ್ಳಿ. ಎಷ್ಟೋ ಜನರ ಷೆಡ್ಯೂಲ್‌ನಲ್ಲಿ ಸೆಕ್ಷನ್ ಹೆಸರು ಇರುತ್ತದೆ, ಮುಂದೆ "ಸೊನ್ನೆ" ಅಂತ ಇರುತ್ತದೆ.

ನಿಮ್ಮ 5 ಲಕ್ಷ ಫ್ರಾಂಚೈಸಿ ಫೀ, ಬಾಡಿಗೆ ಅಡ್ವಾನ್ಸ್, ಇವನ್ನು ವಿಮಾ ಮೊತ್ತಕ್ಕೆ ಸೇರಿಸಬೇಡಿ. ಅವು ಸುಡುವ ವಸ್ತುಗಳಲ್ಲ. ಸೇರಿಸಿದರೆ ಪ್ರೀಮಿಯಂ ದಂಡ ಅಷ್ಟೇ.


ಹಳೇವ್ಯಾಪಾರಿ_ಶಿವಮೊಗ್ಗ

ನನ್ನದೂ ಒಂದು ಫ್ರಾಂಚೈಸಿ, ಬಟ್ಟೆ ಅಂಗಡಿ. ವರ್ಷಗಟ್ಟಲೆ ಪ್ರೀಮಿಯಂ ಕಟ್ಟಿದ್ದೇನೆ. ಒಂದು ಸಲ ಮಳೆ ನೀರು ನುಗ್ಗಿ ಮಾಲು ಹಾಳಾದಾಗ ಅರ್ಧ ದುಡ್ಡೂ ಕೈಗೆ ಬರಲಿಲ್ಲ. ಅದಕ್ಕೇ ಹೇಳುತ್ತೇನೆ, ಬ್ಯಾಂಕ್ ಕೇಳಿದಷ್ಟು ಮಾಡಿಸಿ, ಉಳಿದ ದುಡ್ಡನ್ನು ಎಫ್‌ಡಿ ಇಡಿ. ಕಷ್ಟಕ್ಕೆ ಅದೇ ಆಗುತ್ತದೆ.


ಹುಬ್ಬಳ್ಳಿ_ಸರ್ವೇಯರ್

ನಿಮ್ಮ ಬೇಸರ ಅರ್ಥವಾಗುತ್ತದೆ ಸರ್. ಆದರೆ ಅರ್ಧ ದುಡ್ಡೂ ಯಾಕೆ ಬರಲಿಲ್ಲ ಅನ್ನುವುದನ್ನು ನೋಡಬೇಕು. ಹತ್ತರಲ್ಲಿ ಬಹಳಷ್ಟು ಸಲ ಕಾರಣ ಒಂದೇ, ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿರುವುದು.

ಲೆಕ್ಕ ಹೇಳುತ್ತೇನೆ. ಅಂಗಡಿಯಲ್ಲಿ 20 ಲಕ್ಷದ ಮಾಲು ಇದೆ. ಪ್ರೀಮಿಯಂ ಉಳಿಸಲು 12 ಲಕ್ಷಕ್ಕೆ ವಿಮೆ ಮಾಡಿಸಿದ್ದೀರಿ. 5 ಲಕ್ಷದ ಮಾಲು ಹಾಳಾಯಿತು. ಜನ ಅಂದುಕೊಳ್ಳುವುದು, 12 ಲಕ್ಷದ ವಿಮೆ ಇದೆ, 5 ಲಕ್ಷ ಪೂರ್ತಿ ಬರುತ್ತದೆ ಅಂತ. ಬರುವುದಿಲ್ಲ. ಇಪ್ಪತ್ತರಲ್ಲಿ ಹನ್ನೆರಡು ಪಾಲು ಮಾತ್ರ ವಿಮೆ ಇದೆ, ಹಾಗಾಗಿ 5 ಲಕ್ಷಕ್ಕೂ ಅದೇ ಪಾಲು, ಅಂದರೆ 3 ಲಕ್ಷ. ಅದರಲ್ಲೂ ಎಕ್ಸೆಸ್ (ಪ್ರತಿ ಕ್ಲೇಮ್‌ನಲ್ಲಿ ನೀವೇ ಹೊರಬೇಕಾದ ಮೊತ್ತ) ಕಳೆಯುತ್ತಾರೆ. ಉಳಿದ ನಷ್ಟಕ್ಕೆ ನೀವೇ ವಿಮಾ ಕಂಪನಿ ಆದ ಹಾಗೆ.

ಸೂಕ್ಷ್ಮ ಉದ್ಯಮ ಪಾಲಿಸಿಯಲ್ಲಿ ಒಂದು ಸಮಾಧಾನ ಇದೆ. ಕೊರತೆ 15 ಪರ್ಸೆಂಟ್ ಒಳಗಿದ್ದರೆ ಈ ಕತ್ತರಿ ಹಾಕುವುದಿಲ್ಲ. 20 ಲಕ್ಷದ ಆಸ್ತಿಗೆ 17 ಲಕ್ಷ ಇದ್ದರೂ ಪೂರ್ತಿ ನಷ್ಟ ಲೆಕ್ಕಕ್ಕೆ ಬರುತ್ತದೆ. 16 ಇದ್ದರೆ ಇಲ್ಲ.

ಹಬ್ಬದ ಸೀಸನ್‌ಗೆ ಬ್ರ್ಯಾಂಡಿನವರು ಮಾಲು ತುಂಬಿಸುತ್ತಾರಲ್ವಾ, ಆಗ ಮೊತ್ತ ಹೆಚ್ಚಿಸಬೇಕು. ಅಕ್ಟೋಬರ್‌ನಲ್ಲಿ ಇರುವ ಮಾಲಿಗೆ ಏಪ್ರಿಲ್‌ನ ಅಂಕಿ ಸಾಲುವುದಿಲ್ಲ.


ಮೈಸೂರು_ಐಸ್‌ಕ್ರೀಮ್

ದಾವಣಗೆರೆ ಅಣ್ಣನಿಗೆ ಒಂದು ಮಾತು. ಫ್ರೀಜರ್ ಇರುವ ವ್ಯಾಪಾರಕ್ಕೆ ಬೆಂಕಿ ಪಾಲಿಸಿ ಒಂದೇ ಸಾಲದು.

ನಮ್ಮ ಪಕ್ಕದ ರಸ್ತೆಯಲ್ಲಿ ಇನ್ನೊಂದು ಬ್ರ್ಯಾಂಡಿನ ಐಸ್‌ಕ್ರೀಮ್ ಪಾರ್ಲರ್ ಇತ್ತು. ಒಂದು ರಾತ್ರಿ ವೋಲ್ಟೇಜ್ ಏರಿಳಿತದಲ್ಲಿ ಡೀಪ್ ಫ್ರೀಜರ್‌ನ ಕಂಪ್ರೆಸರ್ ಸುಟ್ಟಿತು. ಬೆಂಕಿ ಹರಡಲಿಲ್ಲ, ಗೋಡೆಗೆ ಮಸಿ ಹಿಡಿದದ್ದು ಬಿಟ್ಟರೆ ಬೇರೇನೂ ಇಲ್ಲ. ಬೆಳಿಗ್ಗೆ ಶಟರ್ ಎತ್ತಿದಾಗ ಟಬ್‌ಗಳ ಮುಚ್ಚಳ ಉಬ್ಬಿ, ಒಳಗಿದ್ದದ್ದೆಲ್ಲ ಹಾಲಾಗಿ ನೆಲದ ಮೇಲೆ ಅಂಟಂಟು ಹರಿದಿತ್ತು. ನಾನೂ ಹೋಗಿ ಸ್ವಚ್ಛ ಮಾಡಲು ಕೈ ಜೋಡಿಸಿದೆ. ಬ್ರ್ಯಾಂಡಿನ ಮಾಸ್ಟರ್ ಪಾಲಿಸಿ (ಎಲ್ಲ ಔಟ್‌ಲೆಟ್‌ಗೂ ಸೇರಿ ಬ್ರ್ಯಾಂಡೇ ಮಾಡಿಸುವ ಪಾಲಿಸಿ) ಇದೆ, ಅದಕ್ಕೆ ಅಂತ ತಿಂಗಳಿಗಿಷ್ಟು ಹಿಡಿಯುತ್ತಾರೆ, ಚಿಂತೆ ಇಲ್ಲ ಅಂದುಕೊಂಡಿದ್ದರು ಪಾಪ. ಪತ್ರ ತರಿಸಿ ನೋಡಿದರೆ ಅದರಲ್ಲಿ ಇದ್ದದ್ದು ಬ್ರ್ಯಾಂಡಿಗೆ ಸೇರಿದ ಫ್ರೀಜರ್‌ಗಳು ಮಾತ್ರ. ಇವರು ದುಡ್ಡು ಕೊಟ್ಟು ತಂದ ಐಸ್‌ಕ್ರೀಮ್, ಇವರು ಮಾಡಿಸಿದ ಇಂಟೀರಿಯರ್, ಎರಡೂ ಇಲ್ಲ. ಇವರ ಸ್ವಂತ ಬೆಂಕಿ ಪಾಲಿಸಿಯವರು "ಬೆಂಕಿಯೇ ಹರಡಿಲ್ಲವಲ್ಲ" ಅಂದರು.

ಆದ್ದರಿಂದ ಬ್ರ್ಯಾಂಡಿನವರು "ನಮ್ಮ ಮಾಸ್ಟರ್ ಪಾಲಿಸಿ ಇದೆ" ಅಂದರೆ ಬಾಯಿಮಾತಿಗೆ ಒಪ್ಪಬೇಡಿ. ನಿಮ್ಮ ಹೆಸರು, ನಿಮ್ಮ ಅಂಗಡಿ ವಿಳಾಸ, ನಿಮ್ಮ ಮೊತ್ತ ಇರುವ ಸರ್ಟಿಫಿಕೇಟ್ ಕೇಳಿ.


ಹುಬ್ಬಳ್ಳಿ_ಸರ್ವೇಯರ್

ಇವರು ಹೇಳಿದ್ದು ಅಕ್ಷರಶಃ ಸರಿ. ಶಾರ್ಟ್ ಸರ್ಕ್ಯೂಟ್ ಆಗಿ ಒಂದು ಯಂತ್ರ ಸುಟ್ಟರೆ ಬೆಂಕಿ ಪಾಲಿಸಿ ಆ ಯಂತ್ರಕ್ಕೆ ಕೊಡುವುದಿಲ್ಲ. ಅಲ್ಲಿಂದ ಬೆಂಕಿ ಹರಡಿ ಬೇರೆ ಸಾಮಾನು ಸುಟ್ಟರೆ ಅದಕ್ಕೆ ಕೊಡುತ್ತದೆ. ಯಂತ್ರಕ್ಕೆ ಬೇಕಾದದ್ದು ಮಶಿನರಿ ಬ್ರೇಕ್‌ಡೌನ್ ಪಾಲಿಸಿ. ಕರಗಿದ ಮಾಲಿಗೆ ಬೇಕಾದದ್ದು ಸ್ಟಾಕ್ ಡಿಟೀರಿಯೊರೇಶನ್. ಎರಡನೆಯದು ಸಾಮಾನ್ಯವಾಗಿ ಮೊದಲನೆಯದರ ಜೊತೆಗೇ ಸಿಗುತ್ತದೆ. ಲೈನ್‌ನಲ್ಲಿ ಕರೆಂಟ್ ಹೋಗಿ ಮಾಲು ಕರಗಿದರೆ ಕೊಡುತ್ತಾರಾ, ಎಷ್ಟು ಗಂಟೆ ಹೋದರೆ ಕೊಡುತ್ತಾರೆ, ಇದನ್ನು ಲಿಖಿತವಾಗಿ ಕೇಳಿ. ನಿಮ್ಮ ಚಿಕನ್‌ಗೂ ಇದೇ ಮಾತು.


ವಕೀಲೆ_ಬೆಂಗಳೂರು

ನಾನು ಕರಾರುಗಳ ಕೆಲಸ ಜಾಸ್ತಿ ಮಾಡುತ್ತೇನೆ. ಅಗ್ರಿಮೆಂಟ್ ಕಡೆಯಿಂದ ಹೇಳುತ್ತೇನೆ.

ನಮ್ಮ ದೇಶದಲ್ಲಿ ಫ್ರಾಂಚೈಸಿಗೆ ಅಂತಲೇ ಪ್ರತ್ಯೇಕ ಕಾನೂನು ಇಲ್ಲ. 1872ರ ಕರಾರು ಕಾಯ್ದೆ, ಟ್ರೇಡ್‌ಮಾರ್ಕ್ ಕಾಯ್ದೆ ಇವುಗಳ ಮೇಲೇ ನಡೆಯುತ್ತದೆ. ಹಾಗಾಗಿ ಕಾಗದದ ಮೇಲೆ ಏನಿದೆಯೋ ಅದೇ ನಿಮ್ಮ ಹಣೆಬರಹ.

"ಸಮಗ್ರ ವಿಮೆ" ಅನ್ನುವುದಕ್ಕೆ ಅಳತೆ ಇಲ್ಲ. ನಾಳೆ ಏನಾದರೂ ಆದರೆ "ಇದು ಸಮಗ್ರ ಅಲ್ಲ, ನೀವು ಕರಾರು ಮುರಿದಿದ್ದೀರಿ" ಅಂತ ಅವರು ಹೇಳಬಹುದು. ಯಾವ ಯಾವ ಪಾಲಿಸಿ, ಕನಿಷ್ಠ ಎಷ್ಟು ಮೊತ್ತ, ನವೀಕರಣದ ಪ್ರತಿಯನ್ನು ಯಾವಾಗ ಕೊಡಬೇಕು, ಇದನ್ನು ಒಂದು ಷೆಡ್ಯೂಲ್ ಮಾಡಿ ಅಗ್ರಿಮೆಂಟ್‌ಗೆ ಲಗತ್ತಿಸಲು ಕೇಳಿ. ಇದು ಅತಿಯಾದ ಬೇಡಿಕೆ ಅಲ್ಲ.

ಬ್ರ್ಯಾಂಡಿನ ಹೆಸರನ್ನು ಸೇರಿಸುವ ವಿಷಯ. ಲಯಬಿಲಿಟಿ ಪಾಲಿಸಿಯಲ್ಲಿ (ಬೇರೆಯವರಿಗೆ ಆದ ಹಾನಿಗೆ ನೀವು ಕೊಡಬೇಕಾದ ಪರಿಹಾರಕ್ಕೆ ಇರುವ ವಿಮೆ) ಸೇರಿಸಿ, ಅದು ನ್ಯಾಯ. ಗ್ರಾಹಕ ಕೇಸು ಹಾಕುವಾಗ ಅಂಗಡಿ, ಬ್ರ್ಯಾಂಡ್ ಎರಡರ ಮೇಲೂ ಹಾಕುತ್ತಾನೆ. ಆದರೆ ಆಸ್ತಿ ಪಾಲಿಸಿಯಲ್ಲಿ, ನಿಮ್ಮ ದುಡ್ಡಿನ ಫರ್ನಿಚರ್‌ಗೆ ಬರುವ ಪರಿಹಾರದಲ್ಲಿ, ಬ್ರ್ಯಾಂಡಿಗೆ ಪಾಲು ಇರಬಾರದು. ಅವರದೇ ಯಂತ್ರ ಅಂಗಡಿಯಲ್ಲಿದ್ದರೆ ಅಷ್ಟಕ್ಕೆ ಮಾತ್ರ. ಬ್ಯಾಂಕಿನದ್ದು ಬೇರೆ. ಪಾಲಿಸಿಯಲ್ಲಿ ಬ್ಯಾಂಕಿನ ಪರವಾದ ಷರತ್ತು (ಬ್ಯಾಂಕ್ ಕ್ಲಾಸ್) ಇದ್ದರೆ ಪರಿಹಾರದ ಚೆಕ್ ಮೊದಲು ಬ್ಯಾಂಕಿಗೇ ಹೋಗುತ್ತದೆ, ಅದನ್ನು ತಪ್ಪಿಸಲು ಆಗದು.

ಇಂಡೆಮ್ನಿಟಿ ಪ್ಯಾರಾವನ್ನು ದಯವಿಟ್ಟು ಎರಡು ಸಲ ಓದಿ. ನಿಮ್ಮ ತಪ್ಪಿನಿಂದ ಬ್ರ್ಯಾಂಡಿಗೆ ಆದ ನಷ್ಟವನ್ನು ನೀವು ತುಂಬುವುದು ಸರಿ. ಆದರೆ ಅವರು ಕಳಿಸಿದ ಫ್ರೋಜನ್ ಪ್ಯಾಟಿಯೇ ಕೆಟ್ಟಿದ್ದರೆ? ಆಗ ಅವರು ನಿಮಗೆ ತುಂಬಿಕೊಡಬೇಕು. ಹೆಚ್ಚಿನ ಕರಡುಗಳಲ್ಲಿ ಈ ಎರಡನೇ ಅರ್ಧ ಇರುವುದೇ ಇಲ್ಲ. ಅದನ್ನು ಸೇರಿಸಿ. ಮಾಲಿನ ಜೊತೆ ಆಹಾರ ಸುರಕ್ಷತಾ ನಿಯಮದ ಫಾರ್ಮ್ ಇ ಗ್ಯಾರಂಟಿ (ಮಾಲು ಸರಿಯಾಗಿದೆ ಅಂತ ಮಾರಿದವರು ಕೊಡುವ ಲಿಖಿತ ಖಾತ್ರಿ) ಬರುತ್ತಿದೆಯಾ ನೋಡಿ, ಬ್ಯಾಚ್ ನಂಬರ್ ಇರುವ ಬಿಲ್‌ಗಳನ್ನು ಇಟ್ಟುಕೊಳ್ಳಿ.


ದಾವಣಗೆರೆ_ಹೊಸಅಂಗಡಿ

ಮೇಡಂ, ತುಂಬಾ ಥ್ಯಾಂಕ್ಸ್. ಇಂಡೆಮ್ನಿಟಿ ಈಗ ತೆಗೆದು ಓದಿದೆ. ನೀವು ಹೇಳಿದಂತೆ ಒಂದೇ ಕಡೆ ಇದೆ. "ಯಾವುದೇ ಕಾರಣದಿಂದ ಉಂಟಾದ ಯಾವುದೇ ಕ್ಲೇಮ್" ಅಂತ ಬರೆದಿದ್ದಾರೆ.

ತಿಂದವರಿಗೆ ಹೊಟ್ಟೆ ಕೆಟ್ಟರೆ ನಿಜವಾಗಿ ಎಷ್ಟು ದುಡ್ಡಿನ ಮಾತು ಅದು?


ವಕೀಲೆ_ಬೆಂಗಳೂರು

2006ರ ಆಹಾರ ಸುರಕ್ಷತಾ ಕಾಯ್ದೆಯ 65ನೇ ಸೆಕ್ಷನ್ ನೋಡಿ. ಆಹಾರದಿಂದ ಸಾವು ಆದರೆ ಪರಿಹಾರ 5 ಲಕ್ಷಕ್ಕಿಂತ ಕಡಿಮೆ ಇರುವಂತಿಲ್ಲ. ತೀವ್ರ ತೊಂದರೆಗೆ 3 ಲಕ್ಷದವರೆಗೆ, ಉಳಿದದ್ದಕ್ಕೆ 1 ಲಕ್ಷದವರೆಗೆ. ಇದು ಒಬ್ಬರಿಗೆ. ಹುಟ್ಟುಹಬ್ಬಕ್ಕೆ ಅಂತ ಒಂದೇ ಆರ್ಡರ್‌ನಲ್ಲಿ ಮೂವತ್ತು ಮಕ್ಕಳು ತಿಂದಿದ್ದರೆ ಲೆಕ್ಕ ನೀವೇ ಹಾಕಿಕೊಳ್ಳಿ. ಇದಲ್ಲದೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆ ಅಂತಲೇ ಒಂದು ಅಧ್ಯಾಯ ಇದೆ. ತಯಾರಿಸಿದವರು, ಮಾರಿದವರು, ಸೇವೆ ಕೊಟ್ಟವರು, ಮೂವರನ್ನೂ ಅದರಲ್ಲಿ ಕೇಳಬಹುದು.

ಹಾಗಾಗಿ ಪಬ್ಲಿಕ್ ಲಯಬಿಲಿಟಿ ಪಾಲಿಸಿಯಲ್ಲಿ ಆಹಾರದಿಂದಾಗುವ ತೊಂದರೆಯೂ ಸೇರಿರಬೇಕು. ಅಂಗಡಿಯಲ್ಲಿ ಕೂತು ತಿಂದವರಿಗೆ ಮಾತ್ರವಾ, ಪಾರ್ಸೆಲ್ ತೆಗೆದುಕೊಂಡು ಹೋದವರಿಗೂ ಇದೆಯಾ, ಇದು ನಿಮ್ಮ ಮೊದಲ ಪ್ರಶ್ನೆ ಆಗಲಿ. ಪಾರ್ಸೆಲ್‌ಗೆ ಪ್ರಾಡಕ್ಟ್ ಲಯಬಿಲಿಟಿ ಬೇರೆ ಬೇಕಾಗಬಹುದು. ಒಂದು ಘಟನೆಗೆ ಎಷ್ಟು, ವರ್ಷಕ್ಕೆ ಎಷ್ಟು ಅಂತ ಎರಡು ಮಿತಿ ಇರುತ್ತದೆ, ಎರಡನ್ನೂ ನೋಡಿ.

1991ರ ಪಬ್ಲಿಕ್ ಲಯಬಿಲಿಟಿ ವಿಮಾ ಕಾಯ್ದೆ ಅಂತ ಒಂದಿದೆ. ಅದು ಭೋಪಾಲ್ ದುರಂತದ ನಂತರ ಅಪಾಯಕಾರಿ ರಾಸಾಯನಿಕ ಇಟ್ಟುಕೊಳ್ಳುವವರಿಗಾಗಿ ಬಂದದ್ದು. ಹೆಸರು ಒಂದೇ ಇದೆ ಅಂತ ಏಜೆಂಟರು ಕೆಲವೊಮ್ಮೆ "ಇದು ನಿಮಗೆ ಕಾನೂನಿನಲ್ಲೇ ಕಡ್ಡಾಯ" ಅಂದುಬಿಡುತ್ತಾರೆ. ಬರ್ಗರ್ ಅಂಗಡಿಗೆ ಆ ಕಾಯ್ದೆಯ ಕಡ್ಡಾಯ ಇಲ್ಲ. ನಿಮಗೆ ಇದು ಬೇಕಾಗಿರುವುದು ಕರಾರಿಗಾಗಿ, ನಿಮ್ಮ ನೆಮ್ಮದಿಗಾಗಿ.


ಪೀಣ್ಯ_ಎಚ್‌ಆರ್

ಕಡ್ಡಾಯ ಅಂದರೆ ನಿಜಕ್ಕೂ ಕಡ್ಡಾಯ ಇರುವುದು ಕೆಲಸಗಾರರ ವಿಷಯ. ನಿಮ್ಮಲ್ಲಿ 11 ಜನ ಅಂದಿರಿ. 10 ಮುಟ್ಟಿದ ಮೇಲೆ ಕಥೆಯೇ ಬೇರೆ.

ಇಎಸ್‌ಐ (ಕೆಲಸಗಾರರ ರಾಜ್ಯ ವಿಮೆ) ನೋಂದಣಿ ಮಾಡಿಸಿ. ತಿಂಗಳ ಸಂಬಳ ₹21,000 ಒಳಗಿದ್ದವರೆಲ್ಲ ಬರುತ್ತಾರೆ. ಮಾಲೀಕರ ಪಾಲು 3.25 ಪರ್ಸೆಂಟ್, ಕೆಲಸಗಾರರ ಪಾಲು 0.75. "ಡೆಲಿವರಿ ಹುಡುಗರು ಪಾರ್ಟ್ ಟೈಮ್, ಲೆಕ್ಕಕ್ಕೆ ಬರಲ್ಲ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಇಎಸ್‌ಐ ಒಳಗೆ ಬರದವರು ಇರುತ್ತಾರಲ್ವಾ, ಉದಾಹರಣೆಗೆ ಜಾಸ್ತಿ ಸಂಬಳದ ಮ್ಯಾನೇಜರ್. ಅವರಿಗೆ ಕೆಲಸದ ವೇಳೆ ಏನಾದರೂ ಆದರೆ ಪರಿಹಾರ ಮಾಲೀಕನ ಹೆಗಲ ಮೇಲೆ. 1923ರ ಪರಿಹಾರ ಕಾಯ್ದೆಯ ಸೂತ್ರ ಹೀಗೆ: ಸಾವಾದರೆ ತಿಂಗಳ ಸಂಬಳದ ಅರ್ಧ, ಗುಣಿಸು ಆ ವಯಸ್ಸಿಗೆ ಕಾಯ್ದೆ ಕೊಟ್ಟಿರುವ ಅಂಕ. ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ₹15,000 ಅಂತ 2020ರಲ್ಲಿ ಮಿತಿ ಹಾಕಿದರು. 25 ವರ್ಷದ ಹುಡುಗನ ಅಂಕ 216.91. ಅಂದರೆ 7,500 ಗುಣಿಸು 216.91, ಒಟ್ಟು ₹16,26,825. ಒಂದು ತಿಂಗಳೊಳಗೆ ಕೊಡದಿದ್ದರೆ 12 ಪರ್ಸೆಂಟ್ ಬಡ್ಡಿ, ಮೇಲೆ ದಂಡ ಬೇರೆ. ಇಷ್ಟು ದುಡ್ಡು ಹೊಸ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಇರುವುದಿಲ್ಲ. ಅದಕ್ಕೇ ಎಂಪ್ಲಾಯೀಸ್ ಕಾಂಪೆನ್ಸೇಶನ್ ಪಾಲಿಸಿ.

ಈ ಹಳೇ ಕಾಯ್ದೆಗಳೆಲ್ಲ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ನೋಂದಣಿ ಮಾಡಿಸುವಾಗ ಈಗಿನ ನಿಯಮ ಹೇಗಿದೆ ಅಂತ ಲೆಕ್ಕಪರಿಶೋಧಕರನ್ನು ಕೇಳಿಬಿಡಿ.

ಇನ್ನೊಂದು, ಬಹಳ ಜನಕ್ಕೆ ಗೊತ್ತಿಲ್ಲ. ಕರ್ನಾಟಕದಲ್ಲಿ 2024ರ ಜನವರಿಯಲ್ಲಿ ಕಡ್ಡಾಯ ಗ್ರಾಚ್ಯುಟಿ (ಕೆಲಸ ಬಿಡುವಾಗ ಮಾಲೀಕರು ಕೊಡುವ ಇಡುಗಂಟು) ವಿಮೆ ನಿಯಮ ಬಂತು. 10 ಅಥವಾ ಹೆಚ್ಚು ಜನ ಇರುವ ಮಾಲೀಕರು ಗ್ರಾಚ್ಯುಟಿಗೆ ವಿಮೆ ಮಾಡಿಸಲೇಬೇಕು. ಹೊಸ ಸಂಹಿತೆಯಲ್ಲೂ ಆ ಮಾತಿದೆ. ಹೊರರಾಜ್ಯದ ಬ್ರ್ಯಾಂಡಿನವರು ಕೊಡುವ ಚೆಕ್‌ಲಿಸ್ಟ್‌ನಲ್ಲಿ ಇದು ಇರುವುದಿಲ್ಲ, ಏಕೆಂದರೆ ಎಲ್ಲ ರಾಜ್ಯಕ್ಕೂ ಒಂದೇ ಪಟ್ಟಿ ಕಳಿಸುತ್ತಾರೆ.


ಮಂಗಳೂರು_ಕೊರಿಯರ್

ಡೆಲಿವರಿ ಹುಡುಗರ ಬೈಕ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ಕೊರಿಯರ್ ಫ್ರಾಂಚೈಸಿ ನಡೆಸುವವನು, ದಿನವೂ ಇದೇ ಚಿಂತೆ.

ಥರ್ಡ್ ಪಾರ್ಟಿ ವಿಮೆ ಮೋಟಾರು ವಾಹನ ಕಾಯ್ದೆಯಲ್ಲೇ ಕಡ್ಡಾಯ, ಅದು ಎಲ್ಲರಿಗೂ ಗೊತ್ತು. ಆದರೆ ಹುಡುಗ ಸ್ವಂತ ಬೈಕ್ ತಂದು ನಿಮ್ಮ ಪಾರ್ಸೆಲ್ ಹಾಕಿಕೊಂಡು ಹೋದರೆ? ಅವನ ಪಾಲಿಸಿ ಸ್ವಂತ ಬಳಕೆಗೆ. "ಬಳಕೆಯ ಮಿತಿ" ಅಂತ ಪಾಲಿಸಿಯಲ್ಲಿ ಒಂದು ಸಾಲು ಇರುತ್ತದೆ, ಬಾಡಿಗೆಗೆ ಅಥವಾ ಮಾಲು ಸಾಗಿಸಲು ಅಲ್ಲ ಅಂತ. ಅಪಘಾತ ಆದರೆ ವಿಮಾ ಕಂಪನಿ ಅದನ್ನೇ ಹಿಡಿದು ತಕರಾರು ತೆಗೆಯಬಹುದು. ಪೆಟ್ಟು ತಿಂದವರಿಗೆ ಕೊಟ್ಟು ಆಮೇಲೆ ಬೈಕ್ ಮಾಲೀಕನಿಂದ ವಸೂಲಿಗೂ ಬರಬಹುದು. ನಿಮ್ಮ ಕೆಲಸದ ಮೇಲೆ ಹೋಗುತ್ತಿದ್ದ ಅಂದ ಮೇಲೆ ನಿಮ್ಮ ಹೆಸರೂ ಕೇಸಿನಲ್ಲಿ ಇರುತ್ತದೆ. ಅಂಗಡಿ ಹೆಸರಿನಲ್ಲೇ ಎರಡು ಗಾಡಿ ತೆಗೆದುಕೊಂಡು ವ್ಯಾಪಾರದ ಬಳಕೆಗೆ ಸರಿಯಾದ ವಿಮೆ ಮಾಡಿಸುವುದು ಒಳ್ಳೆಯದು. ಡೆಲಿವರಿ ಆ್ಯಪ್‌ನ ಹುಡುಗರು ಬಂದು ತೆಗೆದುಕೊಂಡು ಹೋಗುವುದಾದರೆ ಈ ಭಾರ ನಿಮ್ಮ ಮೇಲೆ ಅಷ್ಟಿಲ್ಲ.

ನನ್ನಂತೆ ಕೊರಿಯರ್ ನಡೆಸುವವರು ಇಲ್ಲಿ ಓದುತ್ತಿದ್ದರೆ: ಗೋಡೌನ್‌ನಲ್ಲಿರುವ ಪಾರ್ಸೆಲ್ ನಮ್ಮ ಮಾಲಲ್ಲ, ಗಿರಾಕಿಯದು. "ಇತರರ ಪರವಾಗಿ ವಶದಲ್ಲಿರುವ ಸರಕು" ಅಂತ ಪಾಲಿಸಿಯಲ್ಲಿ ಬರೆಸದಿದ್ದರೆ ಜುಲೈ ಮಳೆಗೆ ನೆನೆದದ್ದಕ್ಕೆ ಏನೂ ಸಿಗುವುದಿಲ್ಲ.


ನ್ಯೂಜರ್ಸಿ_ಕನ್ನಡತಿ

ಇಲ್ಲಿ ನಾನು ಮಕ್ಕಳ ಟ್ಯೂಷನ್ ಸೆಂಟರ್ ಫ್ರಾಂಚೈಸಿ ನಡೆಸುತ್ತೇನೆ. ಅಮೆರಿಕದಲ್ಲಿ ಸಹಿಗೆ ಕನಿಷ್ಠ 14 ದಿನ ಮುಂಚೆ ಬ್ರ್ಯಾಂಡಿನವರು ವಿವರಗಳ ಪೂರ್ತಿ ದಾಖಲೆ ಕೊಡಲೇಬೇಕು, ಅದು ಕೇಂದ್ರ ಸರ್ಕಾರದ ನಿಯಮ. ವಿಮೆಯ ಬಾಧ್ಯತೆಯನ್ನೂ ಅದರಲ್ಲಿ ತೋರಿಸಬೇಕು. ಸಾಮಾನ್ಯವಾಗಿ ಜನರಲ್ ಲಯಬಿಲಿಟಿ ಒಂದು ಘಟನೆಗೆ 10 ಲಕ್ಷ ಡಾಲರ್, ವರ್ಷಕ್ಕೆ 20 ಲಕ್ಷ ಡಾಲರ್ ಕೇಳುತ್ತಾರೆ. ಒಬ್ಬರೇ ಟೀಚರ್ ಇದ್ದರೂ ನಮ್ಮ ರಾಜ್ಯದಲ್ಲಿ ವರ್ಕರ್ಸ್ ಕಾಂಪೆನ್ಸೇಶನ್ ಕಡ್ಡಾಯ. ಪ್ರತಿ ವರ್ಷ ಸರ್ಟಿಫಿಕೇಟ್ ಕಳಿಸದಿದ್ದರೆ ನೋಟಿಸ್ ಬರುತ್ತದೆ.

ಊರಲ್ಲಿ ಅಂಥ ಕಾನೂನು ಇಲ್ಲ ಅಂತ ಮೇಡಂ ಹೇಳಿದರು. ಆದರೂ ಕೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ ಅಲ್ವಾ? ಈಗಾಗಲೇ ನಡೆಯುತ್ತಿರುವ ನಾಲ್ಕೈದು ಔಟ್‌ಲೆಟ್‌ನವರ ಫೋನ್ ನಂಬರ್ ಕೇಳಿ, ಅವರು ಯಾವ ಪಾಲಿಸಿ ಇಟ್ಟಿದ್ದಾರೆ ವಿಚಾರಿಸಿ. ನಂಬರ್ ಕೊಡಲು ಹಿಂದೆಮುಂದೆ ನೋಡುವ ಬ್ರ್ಯಾಂಡ್ ಆದರೆ ಯೋಚನೆ ಮಾಡಿ.


ಹುಬ್ಬಳ್ಳಿ_ಸರ್ವೇಯರ್

ಫ್ರಾಂಚೈಸಿಯವರಿಗೇ ವಿಶೇಷವಾಗಿ ಬರುವ ಎರಡು ಮೂರು ತೊಂದರೆ ಇವೆ. ಸಾಮಾನ್ಯ ಅಂಗಡಿಯವರಿಗೆ ಇವು ಬರುವುದಿಲ್ಲ.

ಮೊದಲನೆಯದು ಆದಾಯ. ಬೆಂಕಿ ಬಿದ್ದು ಮೂರು ತಿಂಗಳು ಮುಚ್ಚಿದರೆ ಬಾಡಿಗೆ, ಸಂಬಳ, ಸಾಲದ ಬಡ್ಡಿ ನಿಲ್ಲುವುದಿಲ್ಲ. ಅದರ ಜೊತೆ, ನಿಮ್ಮ ಅಗ್ರಿಮೆಂಟ್‌ನಲ್ಲಿ "ಕನಿಷ್ಠ ರಾಯಲ್ಟಿ" ಅಂತ ಇದ್ದರೆ ಅದೂ ನಿಲ್ಲುವುದಿಲ್ಲ. ಬೆಂಕಿ ಪಾಲಿಸಿ ವಸ್ತುವಿಗೆ ಕೊಡುತ್ತದೆ, ಹೋದ ವ್ಯಾಪಾರಕ್ಕೆ ಕೊಡುವುದಿಲ್ಲ. ಅದಕ್ಕೆ ಲಾಸ್ ಆಫ್ ಪ್ರಾಫಿಟ್ ಪಾಲಿಸಿ. ಕನಿಷ್ಠ ರಾಯಲ್ಟಿಯನ್ನೂ ಸ್ಥಿರ ಖರ್ಚಿನಲ್ಲಿ ಸೇರಿಸಿ ಮೊತ್ತ ಹಾಕಿಸಿ. ಆದರೆ ಗೊತ್ತಿರಲಿ, ಅಂಗಡಿಯ ಆಸ್ತಿಗೆ ವಿಮೆಯೊಳಗಿನ ನಷ್ಟ ಆಗಿದ್ದರೆ ಮಾತ್ರ ಇದು ಕೊಡುತ್ತದೆ. ಕೊರೊನಾ ಲಾಕ್‌ಡೌನ್‌ನಲ್ಲಿ ಎಷ್ಟೋ ಜನ ಕೇಳಿದರು. ವಸ್ತುವಿಗೆ ಹಾನಿಯೇ ಇಲ್ಲದ್ದರಿಂದ ಸಿಗಲಿಲ್ಲ. ಬ್ರ್ಯಾಂಡಿನ ಬೇರೆ ಔಟ್‌ಲೆಟ್‌ನಲ್ಲಿ ಏನೋ ಆಗಿ ಹೆಸರು ಕೆಟ್ಟು ನಿಮ್ಮ ವ್ಯಾಪಾರ ಬಿದ್ದರೂ ಇದರಲ್ಲಿ ಏನೂ ಇಲ್ಲ.

ಎರಡನೆಯದು ಹೊಸ ಡಿಸೈನ್. ಹಳೇ ಇಂಟೀರಿಯರ್ ಸುಟ್ಟರೆ ಬ್ರ್ಯಾಂಡಿನವರು "ಈಗ ಹೊಸ ಲುಕ್ ಬಂದಿದೆ, ಅದೇ ಮಾಡಿಸಿ" ಅನ್ನುತ್ತಾರೆ. ಪಾಲಿಸಿ ಕೊಡುವುದು ಇದ್ದದ್ದನ್ನು ಇದ್ದ ಹಾಗೆ ಕಟ್ಟುವ ಖರ್ಚು. ಮೇಲಿನದ್ದು ಯಾರದು ಅಂತ ಅಗ್ರಿಮೆಂಟ್‌ನಲ್ಲಿ ಈಗಲೇ ಬರೆಸಿ.

ಮೂರನೆಯದು ಅರೆಬರೆ ಹಾಳಾದ ಮಾಲು. ನಾವು ಅದಕ್ಕೊಂದು ಬೆಲೆ ಕಟ್ಟಿ ಪರಿಹಾರದಲ್ಲಿ ಕಳೆಯುತ್ತೇವೆ. ಬ್ರ್ಯಾಂಡಿನವರು ನಮ್ಮ ಲೋಗೊ ಇರುವುದನ್ನು ಮಾರುವಂತಿಲ್ಲ, ನಾಶ ಮಾಡಿ ಅನ್ನುತ್ತಾರೆ. ನಡುವೆ ಸಿಕ್ಕಿ ಬೀಳುವವರು ನೀವು. ಶಿವಮೊಗ್ಗದ ಸರ್, ನಿಮ್ಮ ಬಟ್ಟೆ ಅಂಗಡಿಯಲ್ಲಿ ಇದೂ ಆಗಿರಬಹುದು. ಬ್ರ್ಯಾಂಡ್ ಅಂಡ್ ಲೇಬಲ್ ಕ್ಲಾಸ್ (ಲೋಗೊ ಇರುವ ಹಾಳಾದ ಮಾಲಿನ ಬಗ್ಗೆಯೇ ಇರುವ ಷರತ್ತು) ಹಾಕಿಕೊಡುತ್ತೀರಾ ಅಂತ ವಿಮಾ ಕಂಪನಿಯನ್ನು ಕೇಳಬೇಕು.


ಹಳೇವ್ಯಾಪಾರಿ_ಶಿವಮೊಗ್ಗ

ಹೌದು, ಅದೇ ಆಗಿದ್ದು. ನೆಂದ ಶರ್ಟುಗಳಿಗೆ ಬೆಲೆ ಕಟ್ಟಿ ಕಳೆದರು, ಕಂಪನಿಯವರು ಮಾರಲು ಬಿಡಲಿಲ್ಲ. ಇದಕ್ಕೊಂದು ಕ್ಲಾಸ್ ಇದೆ ಅಂತ ಇವತ್ತೇ ಕೇಳಿದ್ದು. ಮುಂದಿನ ನವೀಕರಣಕ್ಕೆ ಹಾಕಿಸುತ್ತೇನೆ. ಆದರೆ ಕಾಗದಪತ್ರಕ್ಕೆ ಅಲೆದಾಡಿಸಿದ್ದು ಮಾತ್ರ ಮರೆಯಲಾರೆ.


ಹುಬ್ಬಳ್ಳಿ_ಸರ್ವೇಯರ್

ಅಲೆದಾಟ ಕಡಿಮೆ ಮಾಡಲು ದಾರಿ ಇದೆ. ಸುಟ್ಟ ಅಂಗಡಿಗೆ ಹೋದಾಗ ಕಂಪ್ಯೂಟರ್, ಸ್ಟಾಕ್ ಪುಸ್ತಕ, ಸಿಸಿಟಿವಿ ಡಬ್ಬಿ ಮೂರೂ ಅಲ್ಲೇ ಸುಟ್ಟಿರುತ್ತವೆ. ಆಗ ನಾವು ಜಿಎಸ್‌ಟಿ ರಿಟರ್ನ್, ಖರೀದಿ ಬಿಲ್, ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡು ಲೆಕ್ಕ ಕಟ್ಟುತ್ತೇವೆ. ಜನ ಸಿಕ್ಕಿಬೀಳುವುದು ಇಲ್ಲೇ. ಸಾಲದ ಮಿತಿ ಜಾಸ್ತಿ ಸಿಗಲಿ ಅಂತ ಬ್ಯಾಂಕಿಗೆ 18 ಲಕ್ಷದ ಮಾಲು ತೋರಿಸಿರುತ್ತಾರೆ, ತೆರಿಗೆ ಲೆಕ್ಕದಲ್ಲಿ 9 ಲಕ್ಷ ಇರುತ್ತದೆ. ಯಾವುದು ನಿಜ ಅಂತ ನಾನು ಹೇಗೆ ಬರೆಯಲಿ? ಎಲ್ಲ ಕಡೆ ಒಂದೇ ಅಂಕಿ ಕೊಡಿ. ಬಿಲ್ಲಿಂಗ್ ಸಾಫ್ಟ್‌ವೇರ್‌ನ ಬ್ಯಾಕಪ್ ಅಂಗಡಿಯ ಹೊರಗೆ ಇರಲಿ.

ವಿಳಾಸ ಸರಿಯಾಗಿ ಬರೆಸಿ. ಪಕ್ಕದ ಮಳಿಗೆಯನ್ನು ಆಮೇಲೆ ಗೋಡೌನ್ ಮಾಡಿಕೊಂಡರೆ ಅದನ್ನೂ ಪಾಲಿಸಿಗೆ ಸೇರಿಸಿ. ಅಡುಗೆಗೆ 19 ಕೆಜಿ ಕಮರ್ಷಿಯಲ್ ಸಿಲಿಂಡರ್ ಮಾತ್ರ. ಅವಸರಕ್ಕೆ ಅಂತ ಮನೆಯ ಕೆಂಪು ಸಿಲಿಂಡರ್ ತಂದಿಟ್ಟಿದ್ದು ಫೋಟೊದಲ್ಲಿ ಸಿಕ್ಕರೆ ವಾದ ಬೆಳೆಯುತ್ತದೆ.


ಪೀಣ್ಯ_ಎಚ್‌ಆರ್

ಪ್ರೀಮಿಯಂ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಇದೆ. 2025ರ ಸೆಪ್ಟೆಂಬರ್‌ನಲ್ಲಿ ತೆಗೆದದ್ದು ವೈಯಕ್ತಿಕ ಜೀವ, ಆರೋಗ್ಯ ವಿಮೆಗೆ ಮಾತ್ರ. 5 ಪರ್ಸೆಂಟ್ ಜಿಎಸ್‌ಟಿ ಹಾಕುವ ಹೋಟೆಲ್‌ನವರಿಗೆ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ಜಿಎಸ್‌ಟಿ ಕಳೆದುಕೊಳ್ಳುವ ಅವಕಾಶ) ಸಿಗುವುದಿಲ್ಲ, ಹಾಗಾಗಿ ಆ 18 ನಿಮ್ಮ ಖರ್ಚೇ. ಬಜೆಟ್‌ಗೆ ಸೇರಿಸಿಕೊಳ್ಳಿ.


ವಕೀಲೆ_ಬೆಂಗಳೂರು

ಕಟ್ಟಡದ ಮಾಲೀಕರ ಜೊತೆಗಿನ ಕರಾರನ್ನೂ ನೋಡಿ. ಕಟ್ಟಡದ ವಿಮೆ ಅವರದು, ಒಳಗಿನದ್ದು ನಿಮ್ಮದು. ನಿಮ್ಮ ಫ್ರೈಯರ್‌ನಿಂದ ಬೆಂಕಿ ಎದ್ದು ಮೇಲಿನ ಮಹಡಿ ಹಾಳಾದರೆ ಅವರ ವಿಮಾ ಕಂಪನಿ ಅವರಿಗೆ ದುಡ್ಡು ಕೊಟ್ಟು, ಆ ದುಡ್ಡಿಗಾಗಿ ನಿಮ್ಮ ಮೇಲೆ ಬರಬಹುದು. ಅದಕ್ಕೂ ಲಯಬಿಲಿಟಿ ಪಾಲಿಸಿಯೇ ಗತಿ.

ಕ್ಲೇಮ್ ತಿರಸ್ಕಾರ ಆದರೆ ಸುಮ್ಮನಾಗಬೇಡಿ. ಮೊದಲು ಕಂಪನಿಗೆ ಲಿಖಿತ ದೂರು. 30 ದಿನದಲ್ಲಿ ಸರಿಹೋಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ವಿಮಾ ದೂರು ವಿಚಾರಿಸಿ ತೀರ್ಮಾನಿಸುವ ಅಧಿಕಾರಿ) ಹತ್ತಿರ ಹೋಗಬಹುದು. ಒಬ್ಬರೇ ಮಾಲೀಕರಿರುವ ವ್ಯಾಪಾರ, ಸೂಕ್ಷ್ಮ ಉದ್ಯಮ ಎರಡಕ್ಕೂ ಅವಕಾಶ ಇದೆ, ಶುಲ್ಕ ಇಲ್ಲ, ವಕೀಲರೂ ಬೇಡ. ದೊಡ್ಡ ವಿಷಯ ಆದರೆ ಗ್ರಾಹಕ ಆಯೋಗ, ಅದಕ್ಕೆ ಎರಡು ವರ್ಷದ ಗಡುವು.


ದಾವಣಗೆರೆ_ಹೊಸಅಂಗಡಿ

ಎಲ್ಲರಿಗೂ ಋಣಿ. ಇಲ್ಲಿ ಬಂದದ್ದನ್ನೆಲ್ಲ ಬರೆದು ಬ್ರ್ಯಾಂಡಿನವರಿಗೆ ಮೇಲ್ ಮಾಡಿದ್ದೆ. ಇವತ್ತು ಉತ್ತರ ಬಂತು. ವಿಮೆಯ ಷೆಡ್ಯೂಲ್ ಲಗತ್ತಿಸಲು ಒಪ್ಪಿದ್ದಾರೆ. ಲಯಬಿಲಿಟಿ ಪಾಲಿಸಿಯಲ್ಲಿ ಮಾತ್ರ ಅವರ ಹೆಸರು. ಅವರು ಕಳಿಸುವ ಮಾಲಿನ ದೋಷಕ್ಕೆ ಅವರೇ ಹೊಣೆ ಅಂತ ಒಂದು ಸಾಲು ಸೇರಿಸುತ್ತಾರಂತೆ. ಕನಿಷ್ಠ ರಾಯಲ್ಟಿಯನ್ನು ಅಂಗಡಿ ಮುಚ್ಚಿದ ಕಾಲದಲ್ಲಿ ಬಿಡಲು ಒಪ್ಪಲಿಲ್ಲ, ಅದನ್ನು ಲಾಸ್ ಆಫ್ ಪ್ರಾಫಿಟ್‌ನಲ್ಲಿ ಹಾಕಿಸುತ್ತೇನೆ. ಹೊಸ ಡಿಸೈನ್ ಬಗ್ಗೆ ಇನ್ನೂ ಮಾತು ನಡೆದಿದೆ.

ಕೊನೆಯದೊಂದು ಪ್ರಶ್ನೆ. ಪಾಲಿಸಿ ಯಾವ ದಿನದಿಂದ ಶುರು ಮಾಡಿಸಲಿ? ಅಂಗಡಿ ಉದ್ಘಾಟನೆಯ ದಿನದಿಂದಲಾ?


ಹುಬ್ಬಳ್ಳಿ_ಸರ್ವೇಯರ್

ಬೇಡ. ಫ್ರೀಜರ್, ಫ್ರೈಯರ್ ಉದ್ಘಾಟನೆಗೆ ವಾರಗಟ್ಟಲೆ ಮುಂಚೆಯೇ ಬಂದು ಕೂರುತ್ತವೆ, ಕಾರ್ಪೆಂಟರ್‌ಗಳು ಒಳಗೆ ತಿನ್ನರ್, ವಾರ್ನಿಷ್ ಇಟ್ಟುಕೊಂಡು ಕೆಲಸ ಮಾಡುತ್ತಿರುತ್ತಾರೆ. ಮೊದಲ ಯಂತ್ರ ಒಳಗೆ ಇಳಿಯುವ ದಿನದಿಂದ ಆಸ್ತಿ ಪಾಲಿಸಿ ಇರಲಿ. ಇಂಟೀರಿಯರ್ ಕೆಲಸ ನಡೆಯುತ್ತಿದೆ ಅಂತ ಪ್ರಪೋಸಲ್ ಫಾರ್ಮ್‌ನಲ್ಲೇ ಬರೆಯಿರಿ. ದಾರಿಯಲ್ಲಿ ಆಗುವ ಹಾನಿ ಮಾರಿದವರದಾ ನಿಮ್ಮದಾ ಅಂತ ಖರೀದಿ ಆರ್ಡರ್‌ನಲ್ಲಿ ನೋಡಿ. ಲಯಬಿಲಿಟಿ ಪಾಲಿಸಿ ಮೊದಲ ಗಿರಾಕಿ ಒಳಗೆ ಬರುವ ಮುಂಚೆ, ಕೆಲಸಗಾರರದ್ದು ಅವರು ಟ್ರೇನಿಂಗ್‌ಗೆ ಬರುವ ದಿನದಿಂದ.

ಪ್ರೀಮಿಯಂ ಪೂರ್ತಿ ಮುಂಗಡ ಕಟ್ಟಿ, ರಸೀದಿ ತೆಗೆದುಕೊಳ್ಳಿ. 1938ರ ವಿಮಾ ಕಾಯ್ದೆಯ 64ವಿಬಿ ಸೆಕ್ಷನ್ ಪ್ರಕಾರ ದುಡ್ಡು ಸೇರದೆ ರಕ್ಷಣೆ ಶುರುವಾಗುವುದಿಲ್ಲ. ಚೆಕ್ ವಾಪಸ್ ಬಂದರೆ ಕೈಯಲ್ಲಿ ಪಾಲಿಸಿ ಇದ್ದರೂ ಪ್ರಯೋಜನ ಇಲ್ಲ. ಆನ್‌ಲೈನ್‌ನಲ್ಲಿ ಕಟ್ಟಿಬಿಡಿ. ಷೆಡ್ಯೂಲ್ ಬಂದ ಮೇಲೆ ಬೇಕಿದ್ದರೆ ಅದರ ಸೆಕ್ಷನ್‌ಗಳನ್ನು ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.